ಸಹಾಯ ಬೇಕು: ಮರಾಠಿಯವರಿಗೆ ‘ಕಸಿನ್’ ಪದ ಹೇಗೆ ಹೇಳಿಕೊಡಲಿ?

ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯಲ್ಲಿದ್ದೇನೆ. ಪಕ್ಕದ ಮನೆಯ ವೈನಿಯವರ ಮನೆಮಾತು ಮರಾಠಿ. ದಿನಾ ಸಂಜೆ ಅವರಿಗೆ ಸ್ವಲ್ಪ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ಕಸಿನ್’ ಬಂತು ನೋಡಿ, ಅಲ್ಲೇ ನಿಂತೆವು.

ಮರಾಠಿಯಲ್ಲಿ ಚಿಕ್ಕಪ್ಪನ ಮಗ ಚುಲತಭಾವೂ. ಸೋದರತ್ತೆಯ ಮಗ ಆತೇಭಾವೂ, ಸೋದರಮಾವನ ಮಗ ಮಾಮೇಭಾವೂ, ಚಿಕ್ಕಮ್ಮನ ಮಗ ಮಾವಸಭಾವೂ. ಹೆಣ್ಣಾದರೆ ‘ಭಾವೂ’ ಬದಲು ‘ಬಹೀಣ’. ಒಟ್ಟು 8 ಪದ. ಇಂಗ್ಲಿಷಿನಲ್ಲಿ ಎಲ್ಲಕ್ಕೂ ಒಂದೇ, ಅದರಲ್ಲಿ ಗಂಡು ಹೆಣ್ಣು ಅನ್ನೋದೂ ಗೊತ್ತಾಗಲ್ಲ.

ವೈನಿ ನೋಟ್‌ಬುಕ್ಕಿನಲ್ಲಿ ‘ಮೈ ಮಾಮಾ ಕಸಿನ್ ಬ್ರದರ್’ ಎಂದು ಬರೆದರು. ರಬ್ಬರಿನಿಂದ ಅಳಿಸಿದರು, ಮತ್ತೆ ಅದನ್ನೇ ಬರೆದರು. “ಮಾಮಾನ ಮಗ, ಕಾಕಾನ ಮಗ ಇಬ್ಬರೂ ಒಂದೇ ಹೇಗೆ?” ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ ಅಲ್ವಾ?

ಕನ್ನಡದ ಲೆಕ್ಕ ಇಲ್ಲಿ ನಡೆಯಲ್ಲ. ನಮಗೆ ಚಿಕ್ಕಪ್ಪ, ಚಿಕ್ಕಮ್ಮನ ಮಕ್ಕಳು ಅಣ್ಣತಮ್ಮಂದಿರು, ಸೋದರಮಾವನ ಮಗ ಭಾವ ಇಲ್ಲವೇ ಮೈದುನ. ಅವರಿಗೆ ನಾಲ್ವರೂ ‘ಭಾವೂ’ನೇ. ಅದಕ್ಕೇ ‘ಬ್ರದರ್’ ಸೇರಿಸದೆ ಅವರಿಗೆ ಸಮಾಧಾನವಿಲ್ಲ. ‘ಕಸಿನ್ ಬ್ರದರ್’ ನಮ್ಮ ದೇಶದಲ್ಲಿ ಜಾಸ್ತಿ ನಡೆಯುತ್ತದೆ, ಆದರೆ ಇಂಗ್ಲೆಂಡಿನವರು ಬರೀ ‘ಕಸಿನ್’ ಅನ್ನುತ್ತಾರೆ. ಬಿಡಿಸಿ ಹೇಳಬೇಕಾದರೆ ‘ಮೈ ಮದರ್ಸ್ ಬ್ರದರ್ಸ್ ಸನ್’ ಎನ್ನಬೇಕು ಎಂದೆ. ಅದು ಅವರಿಗೆ ಉದ್ದವಾಯಿತು.

ಮರಾಠಿಯವರಿಗೆ ಇಂಗ್ಲಿಷ್ ಕಲಿಸಿದವರು ಯಾರಾದರೂ ಇದ್ದೀರಾ? ಈ ನಾಲ್ಕೂ ಸಂಬಂಧ ಬರುವ ಸುಲಭದ ವಾಕ್ಯಗಳನ್ನು ಬರೆದು ಕೊಡಿ. ನಾಳೆ ಸಂಜೆಗೆ ಬೇಕಿತ್ತು.