ಸೀಲ್ಡ್ ಬಾಕ್ಸಿಂದ ಪೋರ್ಟೆಡ್‌ಗೆ ಹೋಗ್ಬೇಕು, ಇರೋ ಬಾಕ್ಸಿಗೇ ತೂತು ಕೊರೆದ್ರೆ ಸಾಕಾ?

ಸದ್ದುಗದ್ದಲ:

ನಮಸ್ಕಾರ ಎಲ್ರಿಗೂ. ನನ್ನ ಕಾರಿನ ಡಿಕ್ಕಿಲಿ 12 ಇಂಚಿನ ಒಂದು ಸಬ್ (ಬೇಸಿಗೆ ಅಂತಲೇ ಇರೋ ಸ್ಪೀಕರ್) ಇದೆ, ಸೀಲ್ಡ್ ಬಾಕ್ಸು ಅಂದ್ರೆ ಎಲ್ಲೂ ತೂತಿಲ್ದೆ ಪೂರ್ತಿ ಮುಚ್ಚಿರೋದು, ಒಳಗೆ ಸುಮಾರು 28 ಲೀಟರ್ ಅಂದ್ರೆ 1 ಘನ ಅಡಿ ಜಾಗ. ಮೊನೊಬ್ಲಾಕ್ (ಒಂದೇ ಚಾನೆಲ್ಲಿನ) ಆಂಪಿಂದ 400 ವಾಟ್ ಆರ್‌ಎಂಎಸ್ ಹೋಗ್ತಿದೆ. ಸೌಂಡ್ ಚೆನ್ನಾಗಿಲ್ಲ ಅಂತಲ್ಲ, ಕಿಕ್ ಡ್ರಮ್ ಎಲ್ಲ ಗಟ್ಟಿಯಾಗಿ ನೀಟಾಗಿ ಬರುತ್ತೆ, ಆದ್ರೆ ಹಾಡಲ್ಲಿ ಬೇಸ್ ತೀರಾ ಕೆಳಗೆ ಇಳಿದಾಗ ಅಲ್ಲಿ ಏನೂ ಇಲ್ವೇನೋ ಅನ್ಸುತ್ತೆ, ವಾಲ್ಯೂಮ್ ಏರಿಸಿದ್ರೆ ಮೇಲಿಂದೇ ಜಾಸ್ತಿ ಆಗುತ್ತೆ ಹೊರತು ಕೆಳಗಿಂದು ಬರಲ್ಲ. ಸ್ನೇಹಿತನ ಕಾರಲ್ಲಿ ಪೋರ್ಟೆಡ್ ಬಾಕ್ಸ್ ಇದೆ, ಅಂದ್ರೆ ಪೋರ್ಟ್ ಅನ್ನೋ ಪೈಪೋ ಕಿಂಡಿಯೋ ಇರೋದು, ಅದೇ ಸೈಜಿನ ಸಬ್ಬು, ಪವರ್ ನನ್ನದಕ್ಕಿಂತ ಕಮ್ಮಿನೇ, ಆದ್ರೂ ಒಳಗಿನ ಕನ್ನಡಿ ಗಡಗಡ ಅನ್ನುತ್ತೆ.

ಈಗ ತಲೇಲಿ ಮೂರು ದಾರಿ ಓಡ್ತಿದೆ. ಇರೋ ಬಾಕ್ಸಿಗೇ ತೂತು ಕೊರ್ದು 4 ಇಂಚಿನ ಪೈಪ್ ಸಿಗಿಸೋದು, ಇಲ್ಲಾ ರೆಡಿಮೇಡ್ ಪೋರ್ಟೆಡ್ ಬಾಕ್ಸ್ ತಗೊಳೋದು, ಇಲ್ಲಾ ಅಳತೆ ಕೊಟ್ಟು ಮಾಡಿಸೋದು. ಮೊದಲ್ನೇದು ಸುಲಭ ಅಂತ ಮನಸ್ಸು ಆ ಕಡೆನೇ ಎಳೀತಿದೆ. ಗೊತ್ತಿರೋರು ಹೇಳಿ, ಬಾಕ್ಸ್ ಆರಿಸೋವಾಗ ನಿಜವಾಗ್ಲೂ ಏನು ನೋಡ್ಬೇಕು?

ಪೆಟ್ಟಿಗೆಪಂಡಿತ:

ತೂತು ಮಾತ್ರ ಕೊರೀಬೇಡಿ ಗುರು, ದಯವಿಟ್ಟು. ಪೋರ್ಟ್ ಅಂದ್ರೆ ಗಾಳಿ ಆಡ್ಲಿ ಅಂತ ಬಿಟ್ಟಿರೋ ಕಿಂಡಿ ಅಲ್ಲ. ಬಾಕ್ಸ್ ಒಳಗಿನ ಗಾಳಿ ಸ್ಪ್ರಿಂಗಿನ ಕೆಲಸ ಮಾಡುತ್ತೆ, ಪೈಪಿನೊಳಗಿನ ಗಾಳಿ ಆ ಸ್ಪ್ರಿಂಗಿನ ತುದೀಲಿರೋ ತೂಕ, ಎರಡೂ ಸೇರಿ ಒಂದು ಫ್ರೀಕ್ವೆನ್ಸಿಲಿ ಜೋರಾಗಿ ಓಲಾಡುತ್ತೆ, ಅದೇ ಟ್ಯೂನಿಂಗ್. ಬಾಕ್ಸ್ ಎಷ್ಟು ಲೀಟರ್, ಪೈಪ್ ಎಷ್ಟು ಅಗಲ, ಎಷ್ಟು ಉದ್ದ, ಈ ಮೂರರಲ್ಲಿ ಯಾವುದನ್ನ ಬದಲಾಯಿಸಿದ್ರೂ ಟ್ಯೂನಿಂಗ್ ಜಾರುತ್ತೆ.

ಲೆಕ್ಕ ಕಷ್ಟ ಏನಿಲ್ಲ. ಪೈಪಿನ ಒಳವ್ಯಾಸ ಸೆಂಟಿಮೀಟರ್‌ನಲ್ಲಿ ತಗೊಂಡು ಅದರ ವರ್ಗಕ್ಕೆ 23562 ಗುಣಿಸಿ, ಟ್ಯೂನಿಂಗಿನ ವರ್ಗಾನ ಲೀಟರ್‌ಗೆ ಗುಣಿಸಿ ಬಂದದ್ರಿಂದ ಅದನ್ನ ಭಾಗಿಸಿ, ಕೊನೆಗೆ ವ್ಯಾಸದ 0.73 ಪಟ್ಟು ಕಳೀರಿ, ಉಳಿದದ್ದು ಪೈಪಿನ ಉದ್ದ. ನಿಮ್ಮ 28 ಲೀಟರಿಗೆ 4 ಇಂಚಿನ ಪೈಪ್ ಹಾಕಿ 32 ಹರ್ಟ್ಝ್ ಬೇಕಂದ್ರೆ 77 ಸೆಂಟಿಮೀಟರ್ ಉದ್ದ ಬರುತ್ತೆ, ಆ ಬಾಕ್ಸಲ್ಲಿ ಅದೆಲ್ಲಿ ಹಿಡ್ಸುತ್ತೆ, ಹಿಡಿಸಿದ್ರೂ ಪೈಪೇ ಆರು ಲೀಟರ್ ಮೇಲೆ ಜಾಗ ನುಂಗುತ್ತೆ, ಆವಾಗ ಲೆಕ್ಕ ಮತ್ತೆ ಮೊದಲಿಂದ. ಹೋಗ್ಲಿ ಹಿಡಿಸಿದಷ್ಟು ಹಾಕೋಣ ಅಂತ 15 ಸೆಂಟಿಮೀಟರ್ ತುಂಡು ಹಾಕಿದ್ರಿ ಅಂದ್ಕೊಳಿ, ಟ್ಯೂನಿಂಗ್ ಸೀದಾ 62 ಹರ್ಟ್ಝ್ ಹತ್ರ ಹೋಗಿ ಕೂರುತ್ತೆ. ಯಾವ ಹಾಡು ಹಾಕಿದ್ರೂ ಅದೇ ಬೂಂ ಬೂಂ, ನಿಮಗೆ ಬೇಕಾಗಿರೋ ಕೆಳಗಿನ ಬೇಸ್ ಈಗಿರೋದೂ ಹೋಗುತ್ತೆ.

ಸೀಲ್ಡ್‌ಪಕ್ಷ:

ನಾನು ಉಲ್ಟಾ ಹೊಡೀತೀನಿ, ಬೈಕೋಬೇಡಿ. ಪೋರ್ಟೆಡ್ ಯಾಕೆ ಬೇಕೇ ಬೇಕು? ಸೀಲ್ಡ್ ಬಾಕ್ಸಲ್ಲಿ ಕೆಳಗೆ ಹೋದಂಗೆ ಸೌಂಡು ಆಕ್ಟೇವಿಗೆ (ಫ್ರೀಕ್ವೆನ್ಸಿ ಅರ್ಧ ಆದಾಗೆಲ್ಲ) 12 ಡಿಬಿ ಅಂದ್ರೆ ಡೆಸಿಬೆಲ್ ತರ ಇಳಿಯುತ್ತೆ, ಪೋರ್ಟೆಡಲ್ಲಿ ಟ್ಯೂನಿಂಗ್ ಕೆಳಗೆ 24 ಡಿಬಿ ತರ ಬಿದ್ದೇ ಹೋಗುತ್ತೆ. ಕಾರಿನ ಒಳಗಡೆ ಜಾಗ ಚಿಕ್ಕದು, ಬೇಸಿನ ಅಲೆ ಉದ್ದ ಆದಂಗೆ ಇಡೀ ಕ್ಯಾಬಿನ್ನೇ ಪ್ರೆಷರ್ ಕೊಡೋಕೆ ಶುರು ಮಾಡುತ್ತೆ, ಅದು ಸೀಲ್ಡಿನ ಇಳಿತಾನ ತುಂಬಾನೇ ಸರಿದೂಗಿಸುತ್ತೆ. ಮನೇಲಿ ಕೇಳಿದ್ರೆ ಸಪ್ಪೆ ಅನ್ಸೋ ಸೀಲ್ಡ್ ಬಾಕ್ಸು ಕಾರಲ್ಲಿ 30ರ ಕೆಳಗೂ ಇಳಿಯೋದು ಇದಕ್ಕೇ.

ಬಾಕ್ಸ್ ಬದಲಾಯಿಸೋಕೆ ಮುಂಚೆ ಖರ್ಚಿಲ್ದೇ ಆಗೋದು ಮಾಡಿ ನೋಡಿ. ಸಬ್ಬಿನ ಪ್ಲಸ್ ಮೈನಸ್ ತಿರುಗಿಸಿ ಒಂದ್ಸಲ ಕೇಳಿ, ಮುಂದಿನ ಸ್ಪೀಕರಿಗೂ ಸಬ್ಬಿಗೂ ಜಗಳ ಬಿದ್ದಿದ್ರೆ ಅಲ್ಲೇ ಬೇಸ್ ಸತ್ತಿರುತ್ತೆ. ಸಬ್ ಮುಖಾನ ಡಿಕ್ಕಿ ಬಾಗಿಲ ಕಡೆ ತಿರುಗಿಸಿ ನೋಡಿ. ಡಿಕ್ಕಿ ಬೇರೆಯಾಗಿ ಮುಚ್ಚಿರೋ ಗಾಡಿ ಆದ್ರೆ ಹಿಂದಿನ ಸೀಟ್ ಮಡಚಿ ಕೇಳಿ, ಸೀಟಿನ ಹಿಂದೆ ತಗಡಿದ್ರೆ ಅರ್ಧ ಸೌಂಡ್ ಡಿಕ್ಕಿಲೇ ಉಳಿದಿರುತ್ತೆ, ಅದಕ್ಕೆ ಯಾವ ಬಾಕ್ಸ್ ತಂದಿಟ್ರೂ ಅಷ್ಟೇ. ಅದೂ ಅಲ್ದೆ ಪೋರ್ಟೆಡ್ ಬೇಸ್ ಯಾವಾಗ್ಲೂ ಸೋಮಾರಿ, ಹಾಡಿನ ಹಿಂದೆ ಎಳ್ಕೊಂಡ್ ಬರುತ್ತೆ.

ಮೂವತ್ತೆರಡು_ಹರ್ಟ್ಝ್:

ಸೀಲ್ಡ್‌ಪಕ್ಷದವ್ರು ಹೇಳಿದ್ರಲ್ಲಿ ಮುಕ್ಕಾಲು ಭಾಗ ಒಪ್ತೀನಿ, ಕೊನೆ ಸಾಲು ಒಪ್ಪಲ್ಲ. ಸೋಮಾರಿ ಅನ್ನೋ ಹೆಸರು ಬಂದಿರೋದು ಚಿಕ್ಕ ಬಾಕ್ಸಿಗೆ ಗಿಡ್ಡ ಪೋರ್ಟ್ ಹಾಕಿ 45, 50 ಹರ್ಟ್ಝಿಗೆ ಟ್ಯೂನ್ ಮಾಡಿರೋ ಡಬ್ಬಗಳಿಂದ. ಕ್ಯಾಬಿನ್ನು ಮೊದಲೇ ಆ ಜಾಗದಿಂದ ಕೆಳಗೆ ಎತ್ತಿ ಕೊಡೋಕೆ ಶುರು ಮಾಡಿರುತ್ತೆ, ಅದೇ ಜಾಗದಲ್ಲಿ ಪೋರ್ಟೂ ಕೂಗಿದ್ರೆ ಒಂದು ದೊಡ್ಡ ಗುಡ್ಡ ಏಳುತ್ತೆ, ಕಿವಿಗೆ ಅದು ಎಳೆದಾಡಿದಂಗೆ ಕೇಳ್ಸುತ್ತೆ. 30ರಿಂದ 34ರ ಒಳಗೆ ಟ್ಯೂನ್ ಮಾಡಿದ ಸರಿಯಾದ ಸೈಜಿನ ಬಾಕ್ಸ್ ಹಂಗಿರಲ್ಲ. ಪೋರ್ಟೆಡಲ್ಲಿ ಗ್ರೂಪ್ ಡಿಲೇ (ಕೆಲವು ಫ್ರೀಕ್ವೆನ್ಸಿ ಉಳಿದವಕ್ಕಿಂತ ತಡವಾಗಿ ಬರೋದು) ಜಾಸ್ತಿ ಅನ್ನೋದು ನಿಜ, ಆದ್ರೆ ಅದರ ಬಹುಪಾಲು ಟ್ಯೂನಿಂಗ್ ಸುತ್ತಮುತ್ತ ಇರುತ್ತೆ, ಅಷ್ಟು ಕೆಳಗೆ ಅದನ್ನ ಕಿವೀಲಿ ಹಿಡಿಯೋದು ಸುಲಭ ಅಲ್ಲ. ಬೇಸ್ ಗಿಟಾರಿನ ಕೆಳಗಿನ ತಂತಿ 41 ಹರ್ಟ್ಝ್, ಐದು ತಂತಿಯದ್ದಾದ್ರೆ 31. ಕಿಕ್ ಡ್ರಮ್ಮಿನ ಗುದ್ದು ಇದಕ್ಕಿಂತ ಮೇಲೇ ಇರೋದು.

ನಿಮ್ಮ ಸ್ನೇಹಿತನ ಗಾಡಿ ಯಾಕೆ ಜೋರು ಅಂತನೂ ಇಲ್ಲೇ ಗೊತ್ತಾಗುತ್ತೆ. ಟ್ಯೂನಿಂಗ್ ಹತ್ರ ಕೋನ್ (ಸಬ್ಬಿನ ಮುಂದೆ ಆಡೋ ಭಾಗ) ಹೆಚ್ಚುಕಮ್ಮಿ ನಿಂತೇ ಹೋಗುತ್ತೆ, ಸೌಂಡೆಲ್ಲ ಪೋರ್ಟಿಂದ ಬರುತ್ತೆ, ಆ ಸುತ್ತಮುತ್ತ ಸೀಲ್ಡಿಗಿಂತ 3 ಡಿಬಿ ಆದ್ರೂ ಮೇಲೆ ಸಿಗುತ್ತೆ, 3 ಡಿಬಿ ಅಂದ್ರೆ ವಾಟ್ ಡಬಲ್ ಮಾಡಿದಷ್ಟು. ಟ್ಯೂನಿಂಗಿಗಿಂತ ಕೆಳಗೆ ಹೋದ್ರೆ ಕತೆ ಬೇರೆ, ಬಾಕ್ಸಿನ ಗಾಳಿ ಕೋನಿಗೆ ಹಿಡಿತಾನೇ ಕೊಡಲ್ಲ, ಸೌಂಡ್ ಬರಲ್ಲ ಆದ್ರೆ ಕೋನ್ ಮಾತ್ರ ಹುಚ್ಚಾಪಟ್ಟೆ ಆಡುತ್ತೆ. ಪೋರ್ಟೆಡ್ ಬಾಕ್ಸಲ್ಲಿ ಸಬ್ ಸಾಯೋದು ಸಾಮಾನ್ಯವಾಗಿ ಇಲ್ಲೇ. ಅದಕ್ಕೇ ಸಬ್‌ಸಾನಿಕ್ ಫಿಲ್ಟರ್ (ತೀರಾ ಕೆಳಗಿನ ಫ್ರೀಕ್ವೆನ್ಸಿನ ತಡೆಯೋದು) ಇಲ್ಲದ ಆಂಪಿಗೆ ಪೋರ್ಟೆಡ್ ಕಟ್ಟಬೇಡಿ ಅಂತೀನಿ.

ಬಾಕ್ಸ್ ಮಾತು ಆಮೇಲೆ, ಮೊದ್ಲು ಸಬ್ಬಿನ ಸ್ಪೆಕ್ ಶೀಟ್ ಹಾಕಿ. ಅದ್ರಲ್ಲಿ ಎಫ್‌ಎಸ್, ಕ್ಯೂಟಿಎಸ್, ಕ್ಯೂಇಎಸ್, ವಿಎಎಸ್ ಅಂತ ನಂಬರ್ ಇರುತ್ತೆ, ಮೊದಲ್ನೇದು ಸಬ್ ತಾನಾಗೇ ಓಲಾಡೋ ಫ್ರೀಕ್ವೆನ್ಸಿ, ಎರಡು ಕ್ಯೂಗಳು ಆ ಓಲಾಟ ಎಷ್ಟು ಬೇಗ ನಿಲ್ಲುತ್ತೆ ಅನ್ನೋದು, ಕೊನೇದು ಸಬ್ಬಿನ ಸ್ಪ್ರಿಂಗಿನಷ್ಟೇ ಬಿಗಿ ಇರೋ ಗಾಳಿಯ ಲೀಟರ್, ಥೀಲ್ ಸ್ಮಾಲ್ ಪ್ಯಾರಾಮೀಟರ್ ಅನ್ನೋದು ಅದನ್ನೇ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲೇ ಪೋರ್ಟೆಡ್ ಬಾಕ್ಸಿನ ಲೆಕ್ಕ ಕೂರಿಸಿದ್ರು, 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನ ಬೆಳೆಸಿದ್ರು, ಇಷ್ಟು ವರ್ಷ ಆದ್ಮೇಲೂ ಜನ ಅಂದಾಜಿನ ಮೇಲೆ ಡಬ್ಬ ಹೊಡೀತಾರೆ ಅನ್ನೋದೇ ಬೇಜಾರು.

ಸದ್ದುಗದ್ದಲ:

ಅಬ್ಬಾ, ತೂತಿನ ಆಸೆ ಬಿಟ್ಟೆ. ಸೀಟ್ ಮಡಚಿ, ವೈರ್ ತಿರುಗಿಸಿ ಎರಡೂ ನೋಡ್ದೆ, ಸೀಟ್ ಮಡಚಿದಾಗ ಸ್ವಲ್ಪ ಜಾಸ್ತಿ ಆಯ್ತು, ವೈರಿಂದ ಏನೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ಶೀಟಲ್ಲಿರೋದು ಇಷ್ಟು: ಎಫ್‌ಎಸ್ 30, ಕ್ಯೂಟಿಎಸ್ 0.42, ಕ್ಯೂಇಎಸ್ 0.46, ವಿಎಎಸ್ 60 ಲೀಟರ್. ಡಿಕ್ಕಿಲಿ 75 ಸೆಂಟಿಮೀಟರ್ ಅಗಲ, 40 ಆಳ, 38 ಎತ್ತರ ಬಿಟ್ಕೊಡಬಹುದು, ಅದಕ್ಕಿಂತ ಜಾಸ್ತಿ ಆದ್ರೆ ಮನೇಲಿ ಬ್ಯಾಗ್ ಎಲ್ಲಿಡ್ತೀಯ ಅಂತ ಕೇಳ್ತಾರೆ. ಆಂಪಲ್ಲಿ ಸಬ್‌ಸಾನಿಕ್ ಅಂತ ಒಂದು ನಾಬ್ ಇದೆ, 10ರಿಂದ 50ರವರೆಗೆ, ಅದನ್ನ ಯಾವತ್ತೂ ಮುಟ್ಟಿಲ್ಲ.

ಮೂವತ್ತೆರಡು_ಹರ್ಟ್ಝ್:

ನಾಬ್ ಇದೆಯಲ್ಲ, ಅರ್ಧ ಚಿಂತೆ ಹೋಯ್ತು.

ಎಫ್‌ಎಸ್‌ನ ಕ್ಯೂಇಎಸ್‌ನಿಂದ ಭಾಗಿಸಿ, 65 ಬರುತ್ತೆ. ಇದು 50ರ ಕೆಳಗಿದ್ರೆ ಸೀಲ್ಡೇ ಸರಿ, 100ರ ಮೇಲಿದ್ರೆ ಪೋರ್ಟೆಡ್, ಮಧ್ಯ ಇದ್ರೆ ಎರಡಕ್ಕೂ ಹೊಂದ್ಕೊಳ್ಳುತ್ತೆ ಅಂತ ಒಂದು ಅಂದಾಜು ಸೂತ್ರ. ನಿಮ್ಮದು ಮಧ್ಯದ್ದು. ಈಗಿನ ಸೀಲ್ಡ್ ಬಾಕ್ಸೂ ತಪ್ಪಲ್ಲ, ಸಿಸ್ಟಮ್ಮಿನ ಕ್ಯೂ (ಬಾಕ್ಸ್ ಸೇರಿದ ಮೇಲೆ ಓಲಾಟ ಎಷ್ಟು ಹಿಡಿತದಲ್ಲಿದೆ ಅನ್ನೋದು) 0.75 ಹತ್ರ ಬರುತ್ತೆ, ಅದಕ್ಕೇ ಅಷ್ಟು ನೀಟಾಗಿ ಕೇಳ್ತಿರೋದು, ಆದ್ರೆ 53 ಹರ್ಟ್ಝ್ ಆಸುಪಾಸಿಂದಲೇ ಇಳಿಯೋಕೆ ಶುರು.

ಪೋರ್ಟೆಡಿಗೆ ನಾನಾದ್ರೆ 50 ಲೀಟರ್ ನೆಟ್, 32 ಹರ್ಟ್ಝ್. ನೆಟ್ ಅನ್ನೋದನ್ನ ಗಮನಿಸಿ, ಸಬ್ಬಿನ ಹಿಂಭಾಗ, ಪೋರ್ಟು, ಒಳಗಿನ ಆಧಾರದ ಕಟ್ಟು ಇವೆಲ್ಲ ತಿನ್ನೋ ಜಾಗ ಕಳೆದ ಮೇಲೆ ಉಳಿಯೋದು. ಇದರಲ್ಲೇ ಹೆಚ್ಚಿನವ್ರು ಎಡವೋದು. ಈಗ ಪೋರ್ಟು. 4 ಇಂಚಾದ್ರೆ 40 ಸೆಂಟಿಮೀಟರ್ ಉದ್ದ ಸಾಕು, ಆದ್ರೆ ಫುಲ್ ಪವರಲ್ಲಿ ಅಷ್ಟು ಸಣ್ಣ ಬಾಯಲ್ಲಿ ಗಾಳಿ ಜೋರಾಗಿ ನುಗ್ಗಿ ಬುಸ್ಸ್ ಅಂತ ಸದ್ದು ಮಾಡುತ್ತೆ, ಗಾಳಿ ವೇಗ ಸೆಕೆಂಡಿಗೆ 17 ಮೀಟರ್ ಒಳಗಿದ್ರೆ ಒಳ್ಳೇದು, ಕಾರಲ್ಲಿ ಅದಕ್ಕಿಂತ ಸ್ವಲ್ಪ ಮೇಲೆ ಹೋದ್ರೂ ರಸ್ತೆ ಸದ್ದಲ್ಲಿ ಮುಚ್ಚಿಹೋಗುತ್ತೆ ಬಿಡಿ. ಹಾಗಂತ 6 ಇಂಚಿಗೆ ಹೋದ್ರೆ ಉದ್ದ 96 ಸೆಂಟಿಮೀಟರ್, ಪೈಪೊಂದೇ 17 ಲೀಟರ್ ಮೇಲೆ ತಿನ್ನುತ್ತೆ. 5 ಇಂಚು ಮಧ್ಯದ ದಾರಿ, 65 ಸೆಂಟಿಮೀಟರ್ ಉದ್ದ, 8 ಲೀಟರ್ ಚಿಲ್ಲರೆ, ಒಂದು ಎಲ್ಬೋ ಹಾಕಿ ಒಳಗೆ ತಿರುಗಿಸ್ಬೇಕಾಗುತ್ತೆ, ಉದ್ದಾನ ಪೈಪಿನ ನಟ್ಟನಡುವಿನ ಗೆರೆ ಮೇಲೆ ಅಳೀರಿ. ನಿಮ್ಮ ಜಾಗಕ್ಕೆ 18 ಮಿಲಿಮೀಟರ್ ಹಲಗೆ ಕಳೆದ್ರೂ ಒಳಗೆ 89 ಲೀಟರ್ ಸಿಗುತ್ತೆ, ನಮಗೆ ಎಲ್ಲ ಸೇರಿ 63 ಹತ್ರ ಬೇಕಾಗಿರೋದು, ಅಂದ್ರೆ ಹೊರಗಿನ ಆಳ 40 ಬದಲು 30ಕ್ಕೇ ನಿಲ್ಲಿಸ್ಬಹುದು, ಬ್ಯಾಗಿಗೂ ಜಾಗ ಆಯ್ತು. ಆದ್ರೂ ವಿನ್‌ಐಎಸ್‌ಡಿ ಅಂತ ಫ್ರೀ ಸಾಫ್ಟ್‌ವೇರ್ ಇದೆ, ನಿಮ್ಮ ನಂಬರ್ ಹಾಕಿ ಕೋನ್ ಎಷ್ಟು ಆಡುತ್ತೆ, ಗಾಳಿ ವೇಗ ಎಷ್ಟು ಅಂತ ಒಂದ್ಸಲ ನೋಡ್ಕೊಂಡೇ ಹಲಗೆ ಕೊಯ್ಯಿಸಿ.

ಸಬ್‌ಸಾನಿಕ್ 26, 27ಕ್ಕೆ ಇಡಿ. ಲೋಪಾಸ್ (ಮೇಲಿನ ಫ್ರೀಕ್ವೆನ್ಸಿ ತಡೆಯೋದು) 80. ಬೇಸ್ ಬೂಸ್ಟ್ ಅಂತ ಇನ್ನೊಂದು ನಾಬ್ ಇರುತ್ತೆ, ಅದನ್ನ ಸೊನ್ನೆಗೆ ತಿರುಗಿಸಿ ಮರೆತುಬಿಡಿ.

ಉಳಿಸುತ್ತಿಗೆ:

ಮರದ ಕಡೆಯಿಂದ ನಾಲ್ಕು ಮಾತು ನಂದು. 18 ಮಿಲಿಮೀಟರ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಸಾಕು, ಸಬ್ ಕೂರೋ ಮುಂದಿನ ಹಲಗೆ ಮಾತ್ರ ಎರಡು ಪದರ ಮಾಡಿ (ಆಗ ಒಳಗಿನ ಲೀಟರ್ ಕಮ್ಮಿ ಆಗುತ್ತೆ, ಲೆಕ್ಕಕ್ಕೆ ತಗೊಳಿ), ಎದುರುಬದರು ಹಲಗೆಗಳ ನಡುವೆ ಒಂದು ಅಡ್ಡಕಟ್ಟು ಕೊಡಿ. ಎಂಡಿಎಫ್ ಭಾರ, ನೀರು ಬಿದ್ರೆ ಉಬ್ಬುತ್ತೆ, ಬರ್ಚ್ ಪ್ಲೈವುಡ್ ಹಗುರ ಗಟ್ಟಿ ಎರಡೂ. ಮೂಲೆಗಳಿಗೆ ವುಡ್ ಗ್ಲೂ ಜೊತೆ ಸ್ಕ್ರೂ, ಆಮೇಲೆ ಒಳಗಡೆ ಸಂದಿಗೆಲ್ಲ ಸಿಲಿಕೋನ್, ಅದು ಪೂರ್ತಿ ಒಣಗೋ ತನಕ ಸಬ್ ಕೂರಿಸ್ಬೇಡಿ, ಹಸಿ ಸಿಲಿಕೋನಿನ ಆವಿ ಸಬ್ಬಿಗೆ ಒಳ್ಳೇದಲ್ಲ. ಸೋರಿಕೆ ಇದ್ರೆ ಪೋರ್ಟು ಅರ್ಧ ಕೆಲಸ ಮಾಡಲ್ಲ, ವೈರ್ ಹೊರಗೆ ಬರೋ ಟರ್ಮಿನಲ್ ಸುತ್ತ ಸೋರೋದೇ ಜಾಸ್ತಿ.

ಪೈಪಿನ ಒಳತುದಿಗೂ ಎದುರು ಗೋಡೆಗೂ ಕನಿಷ್ಠ ಪೈಪಿನ ವ್ಯಾಸದಷ್ಟು ಅಂತರ ಬಿಡಿ, ಹೊರಗಿನ ಬಾಯಿಗೂ ಸೀಟಿಗೋ ಡಿಕ್ಕಿ ಗೋಡೆಗೋ ಅಷ್ಟೇ. ಸೀಲ್ಡ್ ಬಾಕ್ಸಿಗೆ ತುಂಬೋ ತರ ಪಾಲಿಫಿಲ್ (ಹತ್ತಿಯಂಥ ನಾರು) ತುರುಕ್ಬೇಡಿ, ಪೋರ್ಟಿನ ಗಾಳಿಗೆ ಅಡ್ಡ ಬರುತ್ತೆ. ಆಮೇಲೆ ಬಾಕ್ಸನ್ನ ಬೆಲ್ಟೋ ಕ್ಲಾಂಪೋ ಹಾಕಿ ಗಾಡಿಗೆ ಕಟ್ಟಿ, ಸಬ್ಬು ಸೇರಿ ಅಷ್ಟು ಭಾರದ ಪೆಟ್ಟಿಗೆ ಬ್ರೇಕ್ ಹೊಡೆದಾಗ ನಿಮ್ಮ ಬೆನ್ನಿಗೆ ಬರಬಾರ್ದು.

ಪೆಟ್ಟಿಗೆಪಂಡಿತ:

ರೆಡಿಮೇಡ್ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಸೇರಿಸ್ತಿದೀನಿ. ಎಲ್ಲ ರೆಡಿಮೇಡೂ ಕೆಟ್ಟದ್ದಲ್ಲ, ಸಬ್ ಕಂಪನಿಯವರೇ ತಮ್ಮ ಸಬ್ಬಿಗೆ ಅಂತ ಮಾಡಿರೋದು ಬಹಳಷ್ಟು ಸಲ ಚೆನ್ನಾಗೇ ಇರುತ್ತೆ. ತೊಂದ್ರೆ ಇರೋದು 12 ಇಂಚಿನ ಯಾವ ಸಬ್ಬಿಗಾದ್ರೂ ಆಗುತ್ತೆ ಅಂತ ಮಾರೋದ್ರಲ್ಲಿ. ನೆಟ್ ಲೀಟರ್ ಎಷ್ಟು, ಟ್ಯೂನಿಂಗ್ ಎಷ್ಟು ಅಂತ ಕೇಳಿ, ಗೊತ್ತಿಲ್ಲ ಅಂದ್ರೆ ಟೇಪ್ ಹಿಡ್ದು ಒಳಗೆ ಅಳೆದು ಮೇಲಿನ ಸೂತ್ರಕ್ಕೆ ಹಾಕಿ. ದುಂಡು ಪೈಪ್ ಬದಲು ಹಲಗೆಯ ಉದ್ದ ಕಿಂಡಿ ಇದ್ರೆ ಆ ಕಿಂಡಿಯಷ್ಟೇ ವಿಸ್ತೀರ್ಣದ ದುಂಡು ಪೈಪಿನ ವ್ಯಾಸ ಹಾಕಿ, ಪಕ್ಕಾ ಬರಲ್ಲ ಆದ್ರೆ 33ಓ 48ಓ ಅನ್ನೋದಂತೂ ಗೊತ್ತಾಗುತ್ತೆ.

ಸೀಲ್ಡ್‌ಪಕ್ಷ:

ಸರಿ ಸರಿ, 32ಕ್ಕೆ ಟ್ಯೂನ್ ಮಾಡಿ 50 ಲೀಟರ್ ಕೊಡ್ತೀರಂದ್ರೆ ನನ್ನ ತಕರಾರಿಲ್ಲ. ಹಳೇ ಬಾಕ್ಸ್ ಮಾತ್ರ ಎಸೀಬೇಡಿ.

ಸದ್ದುಗದ್ದಲ:

ಮಾಡಿಸೋದೇ ಅಂತ ಫಿಕ್ಸ್ ಆದೆ, 5 ಇಂಚು, ಎಲ್ಬೋ ಹಾಕಿ. ಕೊನೇದೊಂದು ಡೌಟು, ಬಾಕ್ಸ್ ಕೈಗೆ ಬಂದ್ಮೇಲೆ ಅದು ನಿಜವಾಗ್ಲೂ 32ಕ್ಕೇ ಟ್ಯೂನ್ ಆಗಿದೆ ಅಂತ ಹೆಂಗೆ ನೋಡೋದು? ಮೀಟರ್ ಗೀಟರ್ ಏನೂ ಇಲ್ಲ ನನ್ನ ಹತ್ರ.

ಮೂವತ್ತೆರಡು_ಹರ್ಟ್ಝ್:

ಕಣ್ಣೇ ಸಾಕು. ಸಬ್‌ಸಾನಿಕ್ ಪೂರ್ತಿ ಕೆಳಗೆ ಇಳಿಸಿ, ಫೋನಲ್ಲಿ ಸೈನ್ ಟೋನ್ (ಒಂದೇ ಫ್ರೀಕ್ವೆನ್ಸಿಯ ಸದ್ದು) ಆಪ್ ಹಾಕಿ, ವಾಲ್ಯೂಮ್ ಕಮ್ಮಿ ಇಟ್ಕೊಂಡು 45ರಿಂದ ಒಂದೊಂದೇ ಹರ್ಟ್ಝ್ ಇಳಿಸ್ತಾ ಬನ್ನಿ, ಕೋನ್ ನೋಡ್ತಿರಿ, ಆಟ ಕಮ್ಮಿ ಆಗ್ತಾ ಆಗ್ತಾ ಒಂದು ಕಡೆ ನಿಂತಂಗೇ ಕಾಣುತ್ತೆ, ಪೋರ್ಟ್ ಬಾಯಿಗೆ ಕೈ ಹಿಡಿದ್ರೆ ಅಲ್ಲೇ ಗಾಳಿ ಜೋರಾಗಿರುತ್ತೆ, ಅದೇ ನಿಮ್ಮ ಟ್ಯೂನಿಂಗ್. ಇನ್ನೂ ಇಳಿಸಿದ್ರೆ ಕೋನ್ ಮತ್ತೆ ಜಾಸ್ತಿ ಆಡೋಕೆ ಶುರು ಮಾಡುತ್ತೆ, ಅಲ್ಲಿಗೆ ನಿಲ್ಲಿಸಿ. ಲೆಕ್ಕಕ್ಕಿಂತ ಒಂದೆರಡು ಹರ್ಟ್ಝ್ ಆಚೀಚೆ ಬರೋದು ಮಾಮೂಲು. ಅದಕ್ಕೇ ಕೆಲಸದವ್ರಿಗೆ ಮೊದಲೇ ಹೇಳಿ, ಪೈಪ್ 68 ಸೆಂಟಿಮೀಟರ್ ಕೊಯ್ದು ಹೊರಗಿನ ತುದಿನ ಅಂಟು ಹಾಕದೆ ಟೇಪ್ ಸುತ್ತಿ ಕೂರಿಸ್ಲಿ, ಟ್ಯೂನಿಂಗ್ 32ಕ್ಕಿಂತ ಕೆಳಗೆ ಕಂಡ್ರೆ ಸ್ವಲ್ಪ ಸ್ವಲ್ಪ ಕತ್ತರಿಸ್ತಾ ಬನ್ನಿ, ಸರಿಬಂದ ಮೇಲೆ ಅಂಟು. ಆಮೇಲೆ ಸಬ್‌ಸಾನಿಕ್ ವಾಪಸ್ ಏರಿಸೋದು ಮರೀಬೇಡಿ.