ಸೌರ ಯೋಜನೆಗೆ ಜಮೀನು ಗುತ್ತಿಗೆ: ರೈತರಿಗೆ ಬೇರೆ ವಕೀಲರು ಬೇಕೇ?

ಹಿರಿಯೂರಿನ ರೈತ:
ನಮ್ಮ ಊರಿನ ಸುತ್ತ ಖಾಸಗಿ ಸೌರ ವಿದ್ಯುತ್ ಕಂಪನಿಯೊಂದು 30 ವರ್ಷಗಳ ಗುತ್ತಿಗೆಗೆ ಜಮೀನು ಕೇಳುತ್ತಿದೆ. ನಮ್ಮದು 11 ಎಕರೆ ಖುಷ್ಕಿ. ತಂದೆಯವರು ತೀರಿಕೊಂಡ ಮೇಲೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಇನ್ನೂ ಆಗಿಲ್ಲ. ದಾಖಲೆಗಳನ್ನೆಲ್ಲ ತಮ್ಮ ವಕೀಲರೇ ಪರಿಶೀಲಿಸುತ್ತಾರೆ, ನೀವು ಬೇರೆ ವಕೀಲರಿಗೆ ಖರ್ಚು ಮಾಡಬೇಕಾಗಿಲ್ಲ ಎಂದು ಕಂಪನಿಯ ಪ್ರತಿನಿಧಿಗಳು ಹೇಳುತ್ತಿದ್ದಾರೆ. ಕರಡು ಪತ್ರ 40 ಪುಟ, ಪೂರ್ತಿ ಇಂಗ್ಲಿಷಿನಲ್ಲಿದೆ. ಅದರ ಜೊತೆಗೆ ಒಂದು ಜಿಪಿಎಗೂ, ಅಂದರೆ ನಮ್ಮ ಪರವಾಗಿ ವ್ಯವಹರಿಸಲು ಅಧಿಕಾರ ಕೊಡುವ ಜನರಲ್ ಪವರ್ ಆಫ್ ಅಟಾರ್ನಿಗೂ, ಸಹಿ ಕೇಳುತ್ತಿದ್ದಾರೆ. ಬೇರೆ ವಕೀಲರ ಸಲಹೆ ನಿಜವಾಗಿಯೂ ಬೇಕೇ ಎಂಬುದನ್ನು ಇಂಥ ಯೋಜನೆಗಳ ಕಾನೂನು ಬಲ್ಲವರು ದಯವಿಟ್ಟು ತಿಳಿಸಿ.

ಚಿತ್ರದುರ್ಗದ ವಕೀಲೆ:
ಖಂಡಿತ ಬೇಕು. ಕಂಪನಿಯ ವಕೀಲರು ನಿಮ್ಮ ಪಹಣಿ, ಮ್ಯುಟೇಷನ್, ಋಣಭಾರ ಪತ್ರಗಳನ್ನು ನೋಡುವುದು ಈ ಜಮೀನನ್ನು ನಂಬಿ ಯೋಜನೆಗೆ ಸಾಲ ಕೊಡುವ ಬ್ಯಾಂಕಿಗೆ ಮುಂದೆ ತೊಂದರೆಯಾದೀತೇ ಎಂದು ತಿಳಿಯುವುದಕ್ಕೆ. ನಿಮಗೆ ತೊಂದರೆಯಾದೀತೇ ಎಂದು ನೋಡುವ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿಲ್ಲ. ಅವರು ಅಪ್ರಾಮಾಣಿಕರೆಂದು ನಾನು ಹೇಳುತ್ತಿಲ್ಲ. ಅವರ ಕಕ್ಷಿದಾರರು ನೀವಲ್ಲ, ಅಷ್ಟೇ.

ಜಿಪಿಎ ವಿಷಯದಲ್ಲಿ ಅವಸರ ಬೇಡವೇ ಬೇಡ. ಅಧಿಕಾರ ಪಡೆದವರಿಗೆ ಆ ಸ್ವತ್ತಿನಲ್ಲಿ ತಮ್ಮದೇ ಹಿತಾಸಕ್ತಿ ಇದ್ದರೆ, ಅದಕ್ಕೆ ಧಕ್ಕೆಯಾಗುವಂತೆ ಆ ಅಧಿಕಾರವನ್ನು ಹಿಂಪಡೆಯುವುದಕ್ಕೆ, ಪತ್ರದಲ್ಲಿಯೇ ಅವಕಾಶ ಇಟ್ಟುಕೊಳ್ಳದ ಹೊರತು, 1872ರ ಕರಾರು ಕಾಯ್ದೆಯ 202ನೇ ಕಲಂ ಬಿಡುವುದಿಲ್ಲ. ಭೂ ಪರಿವರ್ತನೆಯ, ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವ, ಅರ್ಜಿ ಹಾಕುವುದಕ್ಕೆ ಮಾತ್ರ ಅಧಿಕಾರ ಬೇಕೆಂದಾದರೆ, ಅಷ್ಟಕ್ಕೇ ಸೀಮಿತವಾದ ಸ್ಪೆಷಲ್ ಪವರ್ ಆಫ್ ಅಟಾರ್ನಿ ಸಾಕು. ಅಡಮಾನದ ಷರತ್ತನ್ನೂ ಎರಡು ಬಾರಿ ಓದಿಸಿಕೊಳ್ಳಿ. ಕಂಪನಿ ತನ್ನ ಗುತ್ತಿಗೆ ಹಕ್ಕನ್ನು ಬ್ಯಾಂಕಿಗೆ ಅಡವಿಡಬಹುದು, ಆದರೆ ನಿಮ್ಮ ಮಾಲೀಕತ್ವ ಆ ಸಾಲಕ್ಕೆ ಯಾವ ರೀತಿಯಲ್ಲಿಯೂ ಒಳಪಡುವುದಿಲ್ಲ ಎಂಬ ಒಂದು ವಾಕ್ಯ ಅಲ್ಲಿ ಇರಲೇಬೇಕು.

ಬೆಂಗಳೂರಿನ ಯೋಜನಾ ಎಂಜಿನಿಯರ್:
ಮೇಡಂ ಹೇಳಿದ ಷರತ್ತುಗಳ ಬಗ್ಗೆ ನನ್ನ ತಕರಾರಿಲ್ಲ, ಆದರೆ ಪ್ರತಿಯೊಂದು ಕುಟುಂಬವೂ ಬೇರೆ ಬೇರೆ ವಕೀಲರನ್ನು ಇಟ್ಟುಕೊಂಡರೆ ಯೋಜನೆಯೇ ನಿಂತುಹೋಗುತ್ತದೆ ಎಂಬುದನ್ನೂ ಯೋಚಿಸಬೇಕು. ಹರಾಜಿನಲ್ಲಿ ವಿದ್ಯುತ್ ದರ ಮೊದಲೇ ನಿಗದಿಯಾಗಿರುತ್ತದೆ. ಖರೀದಿ ಒಪ್ಪಂದದಲ್ಲಿ ಬರೆದ ದಿನಾಂಕದೊಳಗೆ ಉತ್ಪಾದನೆ ಶುರುವಾಗದಿದ್ದರೆ ದಂಡ ಬೀಳುತ್ತದೆ. ಪಾವಗಡದ ಸೌರ ಪಾರ್ಕನ್ನು ನೋಡಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯ ಎದ್ದು ನಿಂತಿದೆ. ರೈತರು ಭೂಮಿ ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ, 28 ವರ್ಷಗಳ ಅವಧಿ ಎಂಬ ಒಂದೇ ಮಾದರಿಯ ಪತ್ರಕ್ಕೆ ಎಲ್ಲರೂ ಸಹಿ ಹಾಕಿದರು. ಬರ ಬಿದ್ದ ತಾಲ್ಲೂಕಿಗೆ ಅದು ಆಸರೆಯಾಗಲಿಲ್ಲವೇ?

ಪಾವಗಡದ ತಿರುಮಣಿ ಹತ್ತಿರದವರು:
ಆಸರೆಯಾಗಿದೆ, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಆದರೆ ಪಾವಗಡದ ಉದಾಹರಣೆಯನ್ನು ಇಲ್ಲಿಗೆ ಹಾಗೆಯೇ ತರುವುದು ಸಲ್ಲದು. ನಮ್ಮಲ್ಲಿ ಜಮೀನನ್ನು ಗುತ್ತಿಗೆ ಪಡೆದದ್ದು ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ, ಅಂದರೆ ಸರ್ಕಾರಿ ಸಂಸ್ಥೆ. ಒಂದು ಕಂಪನಿ ಕೈಬಿಟ್ಟರೂ ಬಾಡಿಗೆ ಕೇಳಲು ನಮಗೆ ನಿಗಮವಿದೆ. ಖಾಸಗಿ ಕಂಪನಿಯ ಜೊತೆ ನೇರ ಒಪ್ಪಂದ ಮಾಡಿಕೊಂಡವರಿಗೆ ಆ ಬೆಂಬಲ ಎಲ್ಲಿಯದು? ಇನ್ನೊಂದು ಮಾತು: ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಯಾವ ಪತ್ರದಲ್ಲಿಯೂ ಜಾಗವಿರಲಿಲ್ಲ. ಅವರ ಪರವಾಗಿ ಮಾತನಾಡುವ ಒಬ್ಬ ವಕೀಲರಾದರೂ ಅಂದು ಇರಬೇಕಾಗಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ನಿವೃತ್ತ ಕಂದಾಯ ನೌಕರ:
ಬಾಡಿಗೆಯ ಮಾತಿಗಿಂತ ಮೊದಲು ದಾಖಲೆ. ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 5ನೇ ಕಲಂ ಕೆಲವೇ ವಿನಾಯಿತಿಗಳನ್ನು ಬಿಟ್ಟು ನಿಷೇಧಿಸಿದೆ. ಆದ್ದರಿಂದ ಭೂ ಪರಿವರ್ತನೆ ಯಾವ ಆದೇಶದಿಂದ, ಯಾರ ಖರ್ಚಿನಲ್ಲಿ ಆಗುತ್ತದೆ, ಯೋಜನೆ ಬಾರದೇ ಹೋದರೆ ಜಮೀನಿನ ಗತಿ ಏನು ಎಂಬುದನ್ನು ಸಹಿಗೆ ಮುಂಚೆಯೇ ಕೇಳಬೇಕು. ಅಕ್ಕಪಕ್ಕದವರದ್ದು ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ ಇನ್ನಷ್ಟು ಎಚ್ಚರ ಬೇಕು: ಅಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಪರಭಾರೆ ಎಂದರೆ ಕ್ರಯ ಮಾತ್ರವಲ್ಲ, ಗುತ್ತಿಗೆಯೂ ಸೇರುತ್ತದೆ, ಸರ್ಕಾರದ ಪೂರ್ವಾನುಮತಿ ಇಲ್ಲದ ಪತ್ರ ನಿಲ್ಲುವುದಿಲ್ಲ. ಪೌತಿ ಖಾತೆಗೆ ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿ. ಮದುವೆಯಾಗಿ ಹೋದವರೆಂದು ಬಿಟ್ಟು, ಆಮೇಲೆ ಭಾಗದ ದಾವೆಯಲ್ಲಿ ಸಿಲುಕಿ, ಬಾಡಿಗೆಯ ಹಣ ನ್ಯಾಯಾಲಯದಲ್ಲಿ ಠೇವಣಿಯಾದ ಪ್ರಕರಣಗಳನ್ನು ಕಂಡಿದ್ದೇನೆ.

ಚಿತ್ರದುರ್ಗದ ವಕೀಲೆ:
ಎಂಜಿನಿಯರ್ ಅವರೇ, ಪ್ರತಿ ಮನೆಗೊಬ್ಬ ವಕೀಲರು ಬೇಕೆಂದು ನಾನು ಹೇಳಲಿಲ್ಲ. ಒಂದು ಊರಿನ ರೈತರೆಲ್ಲ ಸೇರಿ ತಾವೇ ಆರಿಸಿದ ಒಬ್ಬರನ್ನು ಇಟ್ಟುಕೊಳ್ಳಲಿ, ಕನ್ನಡದ ಅನುವಾದದ ಮೇಲೆ ಒಮ್ಮೆ ಚರ್ಚೆಯಾಗಲಿ, ಆ ಶುಲ್ಕ ಯೋಜನೆಯ ವೆಚ್ಚದಲ್ಲಿ ಸೇರಲಿ. ಬ್ಯಾಂಕಿನ ವಕೀಲರ ಶುಲ್ಕವನ್ನು ಇಂದು ಸಾಲ ಪಡೆಯುವ ಕಂಪನಿಯೇ ಭರಿಸುತ್ತದೆ. ಆದರೂ ಅವರು ಬ್ಯಾಂಕಿನ ವಕೀಲರಾಗಿಯೇ ಉಳಿಯುತ್ತಾರೆ.

ಖಾಸಗಿ ಕಂಪನಿ ದಿವಾಳಿಯಾದರೆ ಏನಾಗುತ್ತದೆ ಎಂಬುದನ್ನು ಊರಿಗೆ ಬಂದ ಯಾವ ಪ್ರತಿನಿಧಿಯೂ ಹೇಳುವುದನ್ನು ನಾನು ಕೇಳಿಲ್ಲ. 2016ರ ದಿವಾಳಿ ಸಂಹಿತೆಯ 14ನೇ ಕಲಮಿನ ಪ್ರಕಾರ ಕಂಪನಿಯ ವಿರುದ್ಧದ ದಾವೆ, ವಸೂಲಿಗಳಿಗೆ ತಡೆ (ಮೊರಟೋರಿಯಂ) ಜಾರಿಯಾದರೆ, ಬಾಡಿಗೆ ಎಷ್ಟೇ ಬಾಕಿ ಇದ್ದರೂ ಕಂಪನಿಯ ಸ್ವಾಧೀನದಲ್ಲಿರುವ ಜಮೀನನ್ನು ಮಾಲೀಕರು ಆ ಅವಧಿಯಲ್ಲಿ ಹಿಂಪಡೆಯುವಂತಿಲ್ಲ. ತಡೆಯ ಅವಧಿಯ ಬಾಡಿಗೆಗೆ ದಿವಾಳಿ ಪ್ರಕ್ರಿಯೆಯ ವೆಚ್ಚವೆಂಬ ಆದ್ಯತೆಯನ್ನು ಕೇಳಬಹುದು. ಅದಕ್ಕೂ ಹಿಂದಿನ ಬಾಕಿ ಮಾತ್ರ ಅಡಮಾನ ಹಿಡಿದ ಬ್ಯಾಂಕುಗಳ ನಂತರದ ಸಾಲಿಗೆ ಹೋಗುತ್ತದೆ. ಆದ್ದರಿಂದ ಬಾಡಿಗೆ ವರ್ಷದ ಮೊದಲೇ ಪಾವತಿಯಾಗಬೇಕು, ಕನಿಷ್ಠ ಒಂದು ವರ್ಷದ ಮೊತ್ತ ಠೇವಣಿಯಾಗಿರಬೇಕು.

ಬೆಂಗಳೂರಿನ ಯೋಜನಾ ಎಂಜಿನಿಯರ್:
ಠೇವಣಿ ಮತ್ತು ಮುಂಗಡ ಬಾಡಿಗೆ ನ್ಯಾಯವಾದ ಬೇಡಿಕೆಗಳು. ಒಂದು ಕಂತು ತಪ್ಪಿದ ಕೂಡಲೇ ರೈತರು ಗುತ್ತಿಗೆ ರದ್ದುಪಡಿಸಬಹುದು ಎಂದು ಬರೆಸಲು ಹೊರಟರೆ ಮಾತ್ರ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ನಡುವಿನ 11 ಎಕರೆ ಕೈತಪ್ಪಿದರೆ ಸುತ್ತಲಿನ ಕೇಬಲ್ ಜಾಲವೆಲ್ಲ ಕಡಿದುಹೋಗುತ್ತದೆ.

ಚಿತ್ರದುರ್ಗದ ವಕೀಲೆ:
ಒಪ್ಪುತ್ತೇನೆ. ಹಾಗಾದರೆ ಬಾಕಿಯ ನೋಟಿಸು ಕಂಪನಿಗೂ ಬ್ಯಾಂಕಿಗೂ ಒಟ್ಟಿಗೆ ಹೋಗಲಿ, 90 ದಿನಗಳಲ್ಲಿ ಇಬ್ಬರಲ್ಲಿ ಯಾರೂ ಪಾವತಿಸದಿದ್ದರೆ ಮಾತ್ರ ರದ್ದತಿಯ ಹಕ್ಕು ಬರಲಿ.

ಬೆಂಗಳೂರಿನ ಯೋಜನಾ ಎಂಜಿನಿಯರ್:
ಬ್ಯಾಂಕುಗಳು 180 ದಿನ ಕೇಳುತ್ತವೆ, ಅದಕ್ಕಿಂತ ಕಡಿಮೆಗೆ ಒಪ್ಪುವುದು ಕಷ್ಟ.

ಚಿತ್ರದುರ್ಗದ ವಕೀಲೆ:
ಬೇರೆ ಆದಾಯವಿಲ್ಲದ ಕುಟುಂಬಕ್ಕೆ ಆರು ತಿಂಗಳು ಬಹಳ ದೀರ್ಘ. ಅಷ್ಟು ಕಾಲ ಬೇಕೆನ್ನುವವರು ಠೇವಣಿಯನ್ನು ಎರಡು ವರ್ಷಕ್ಕೆ ಏರಿಸಬೇಕು. ಈ ವಿಷಯದಲ್ಲಿ ನಾನು ಬಗ್ಗಲಾರೆ.

ಹಿರಿಯೂರಿನ ರೈತ:
ಎಲ್ಲರಿಗೂ ಕೃತಜ್ಞತೆಗಳು. ಜಿಪಿಎಗೆ ಸಹಿ ಹಾಕುವುದಿಲ್ಲ, ತಾಯಿ ಮತ್ತು ತಂಗಿಯರ ಹೆಸರು ಸೇರಿಸಿ ಪೌತಿ ಅರ್ಜಿ ಕೊಡುತ್ತೇವೆ. ವಕೀಲರ ಶುಲ್ಕಕ್ಕೆ ಊರಿನಲ್ಲಿ ಹಣ ಕೂಡದಿದ್ದರೆ ಏನು ಮಾಡಬೇಕು? 30 ವರ್ಷದ ನಂತರ ನೆಲದಲ್ಲಿ ಹೂತ ಕಂಬ, ಕಾಂಕ್ರೀಟು ತೆಗೆಯುವವರು ಯಾರು?

ಚಿತ್ರದುರ್ಗದ ವಕೀಲೆ:
1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡಗಳವರು ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ನಿಮ್ಮ ತಾಯಿಯವರ ಹೆಸರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕಂಬ, ಕಾಂಕ್ರೀಟು, ಫಲಕಗಳನ್ನೆಲ್ಲ ತೆಗೆದು ಜಮೀನನ್ನು ಉಳುವ ಸ್ಥಿತಿಗೆ ತಂದುಕೊಡುವುದು ಕಂಪನಿಯ ಹೊಣೆ ಎಂದು ಬರೆಸಿ, ಆ ಖರ್ಚಿಗೆ ಕೊನೆಯ 5 ವರ್ಷ ಬ್ಯಾಂಕ್ ಗ್ಯಾರಂಟಿ ಇರಲಿ ಎಂದು ಕೇಳಿ. ತೆರವು ಮುಗಿಯುವವರೆಗೂ ಬಾಡಿಗೆ ನಿಲ್ಲಬಾರದೆಂಬ ವಾಕ್ಯವನ್ನೂ ಸೇರಿಸಿ.