ಸರ್ವರ್ ಬದಲಿಸಿದ ಮೇಲೆ ಓಪನ್‌ಎಂಆರ್‌ಎಸ್‌ನಲ್ಲಿ ರೋಗಿಗಳ ಕನ್ನಡ ಹೆಸರು ‘????’ ಆಗುತ್ತಿದೆ

ಪ್ರಶ್ನೆ (ಜಮಖಂಡಿಯಿಂದ):
ನಮಸ್ಕಾರ. ಇಲ್ಲಿನ ಸಣ್ಣ ಆಸ್ಪತ್ರೆಯೊಂದರಲ್ಲಿ ರೋಗಿಗಳ ದಾಖಲೆ ಇಡುವ ತಂತ್ರಾಂಶವಾದ ಓಪನ್‌ಎಂಆರ್‌ಎಸ್ ಬಳಸುತ್ತಿದ್ದೇವೆ. ಮೈಎಸ್‌ಕ್ಯುಎಲ್ 5.7 ಡೇಟಾಬೇಸ್ ಇರುವ ಹೊಸ ಸರ್ವರ್‌ಗೆ ಬ್ಯಾಕಪ್ ಹಾಕಿದ ಮೇಲೂ ಹಳೆಯ ರೋಗಿಗಳ ಹೆಸರುಗಳು ಸರಿಯಾಗಿಯೇ ಕಾಣುತ್ತಿವೆ. ಆದರೆ ಹೊಸದಾಗಿ ನೋಂದಾಯಿಸಿದ ‘ಶಾಂತವ್ವ’ ಎಂಬ ಹೆಸರು ಉಳಿಸಿದ ಕೂಡಲೇ ‘???????’ ಎಂದಾಗುತ್ತದೆ. ಇನ್ನು ಮುಂದೆ ಹೆಸರುಗಳನ್ನು ಇಂಗ್ಲಿಷಿನಲ್ಲಿಯೇ ಬರೆಯೋಣ ಎಂದು ನಮ್ಮ ವೈದ್ಯರು ಹೇಳುತ್ತಿದ್ದಾರೆ. ಬೇರೆ ದಾರಿ ಇದೆಯೇ?

ಉತ್ತರ (ವಿಜಯಪುರದಿಂದ):
ದಾರಿ ಇದೆ ಸರ್, ದಯವಿಟ್ಟು ಕನ್ನಡವನ್ನು ಬಿಡಬೇಡಿರಿ. ಶಾಂತವ್ವ, ಯಲ್ಲವ್ವ ಎಂಬಂಥ ನಮ್ಮ ಭಾಗದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಕೌಂಟರಿನ ಒಬ್ಬರು ‘ವಿ’ ಹಾಕಿ, ಇನ್ನೊಬ್ಬರು ‘ಡಬ್ಲ್ಯೂ’ ಹಾಕಿ ಬರೆಯುತ್ತಾರೆ; ಹುಡುಕಿದಾಗ ಸಿಗದೆ ಒಬ್ಬರಿಗೇ ಎರಡು ದಾಖಲೆಗಳಾದರೆ, ಹಿಂದಿನ ಔಷಧ ಮತ್ತು ಅಲರ್ಜಿಯ ವಿವರ ವೈದ್ಯರ ಕಣ್ಣಿಗೆ ಬೀಳುವುದೇ ಇಲ್ಲ.

ತಾವು ಕೊಟ್ಟ ಉದಾಹರಣೆಯಲ್ಲಿಯೇ ಸುಳಿವಿದೆ. ದೀರ್ಘ, ಅನುಸ್ವಾರ, ಒತ್ತಿನ ಚಿಹ್ನೆ ಸೇರಿ ‘ಶಾಂತವ್ವ’ ಯುನಿಕೋಡ್‌ನಲ್ಲಿ 7 ಸಂಕೇತಗಳಾಗುತ್ತದೆ. ಪ್ರಶ್ನಾರ್ಥಕಗಳೂ 7 ಇವೆ. ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ, ತೋರಿಸುವಾಗ ಮಾತ್ರ ತಪ್ಪಾಗಿದ್ದರೆ ಇದರ ಮೂರು ಪಟ್ಟು ವಿಚಿತ್ರ ಅಕ್ಷರಗಳು ಕಾಣುತ್ತಿದ್ದವು. ಪರ್ಸನ್ ನೇಮ್ ಟೇಬಲ್‌ನಲ್ಲಿ ಆ ಹೆಸರನ್ನು ಹೆಕ್ಸ್ (ಬೈಟ್‌ಗಳ ಸಂಕೇತ) ರೂಪದಲ್ಲಿ ನೋಡಿರಿ: ಪ್ರಶ್ನಾರ್ಥಕದ ಸಂಕೇತವಾದ ‘3ಎಫ್’ ಸಾಲಾಗಿ ಬಂದರೆ ಅಕ್ಷರಗಳು ಡೇಟಾಬೇಸ್‌ನಲ್ಲಿಯೇ ಇಲ್ಲ, ಕನ್ನಡ ಅಕ್ಷರಗಳ ಆರಂಭದ ಬೈಟ್‌ಗಳಾದ ‘ಇ0ಬಿ2’, ‘ಇ0ಬಿ3’ ಬಂದರೆ ಹೆಸರು ಭದ್ರವಾಗಿದೆ.

ಮೈಎಸ್‌ಕ್ಯುಎಲ್ 5.7 ತಾನಾಗಿ ಕನ್ನಡ ಅಕ್ಷರಗಳಿಲ್ಲದ ಲ್ಯಾಟಿನ್1 ಎಂಬ ಅಕ್ಷರಪಟ್ಟಿಯನ್ನು ಬಳಸುತ್ತದೆ, 8.0ರಲ್ಲಿ ಅದು ಯುಟಿಎಫ್8ಎಂಬಿ4 (ಯುಟಿಎಫ್-8ರ ಪೂರ್ಣ ರೂಪ) ಆಯಿತು. ಓಪನ್‌ಎಂಆರ್‌ಎಸ್‌ನ ರನ್‌ಟೈಮ್ ಪ್ರಾಪರ್ಟೀಸ್ (ಸೆಟ್ಟಿಂಗ್) ಫೈಲಿನ ಕನೆಕ್ಷನ್ ಯುಆರ್‌ಎಲ್‌ನಲ್ಲಿ ಕ್ಯಾರೆಕ್ಟರ್ ಎನ್‌ಕೋಡಿಂಗ್ ಯುಟಿಎಫ್-8 ಎಂದು ನಮೂದಿಸದಿದ್ದರೆ, ಓಪನ್‌ಎಂಆರ್‌ಎಸ್ ಅನ್ನು ಡೇಟಾಬೇಸ್‌ಗೆ ಜೋಡಿಸುವ ಜಾವಾ ಡ್ರೈವರ್‌ನ ಹಳೆಯ ಆವೃತ್ತಿ ಸರ್ವರ್‌ನ ಲ್ಯಾಟಿನ್1 ಅನ್ನೇ ಹಿಡಿದು, ಅದರಲ್ಲಿಲ್ಲದ ಕನ್ನಡ ಅಕ್ಷರಗಳಿಗೆಲ್ಲ ಪ್ರಶ್ನಾರ್ಥಕ ಹಾಕಿ ಕಳುಹಿಸುತ್ತದೆ. ಮೊದಲು ಬ್ಯಾಕಪ್ ತೆಗೆದುಕೊಂಡು, ಆ ನಮೂದನ್ನು ಸೇರಿಸಿ, ಓಪನ್‌ಎಂಆರ್‌ಎಸ್ ಅನ್ನು ನಡೆಸುವ ಟಾಮ್‌ಕ್ಯಾಟ್ ಅನ್ನು ಮರುಪ್ರಾರಂಭಿಸಿರಿ. ಹಳೆಯ ಹೆಸರುಗಳು ಸರಿಯಾಗಿರುವುದರಿಂದ ಟೇಬಲ್‌ಗಳನ್ನು ಸದ್ಯಕ್ಕೆ ಮುಟ್ಟಬೇಡಿರಿ.

ಪ್ರಶ್ನೆ ಕೇಳಿದವರು:
ತಾವು ಹೇಳಿದಂತೆಯೇ ‘3ಎಫ್’ಗಳೇ ಇದ್ದವು. ಯುಆರ್‌ಎಲ್ ತಿದ್ದಿದ ಮೇಲೆ ಹೊಸ ನೋಂದಣಿಗಳು ಸರಿಯಾಗಿ ಬರುತ್ತಿವೆ. ನಡುವೆ ಹೋದ ಹೆಸರುಗಳನ್ನು ಮರಳಿ ಪಡೆಯಬಹುದೇ ಸರ್?

ಉತ್ತರ:
ಡೇಟಾಬೇಸ್‌ನಿಂದ ಸಾಧ್ಯವಿಲ್ಲ, ಬದಲಾವಣೆಗಳನ್ನು ದಾಖಲಿಸುವ ಬೈನರಿ ಲಾಗ್‌ಗೂ ಪ್ರಶ್ನಾರ್ಥಕಗಳೇ ಹೋಗಿರುತ್ತವೆ. ಪ್ರಶ್ನಾರ್ಥಕವಿರುವ ಹೆಸರುಗಳ ಪಟ್ಟಿಯನ್ನು ರೋಗಿಯ ಸಂಖ್ಯೆಯೊಂದಿಗೆ ತೆಗೆದು, ಒಪಿಡಿ ರಿಜಿಸ್ಟರ್ ಎದುರಿಟ್ಟುಕೊಂಡು ತಿದ್ದಿಸಿರಿ. ಹೊಸ ನೋಂದಣಿ ಮಾಡದೆ ಅದೇ ಸಂಖ್ಯೆಯ ದಾಖಲೆಯಲ್ಲಿಯೇ ಹೆಸರು ಬದಲಿಸುವಂತೆ ಕೌಂಟರಿನವರಿಗೆ ಹೇಳಿರಿ. ಇಲ್ಲವಾದರೆ ಆ ದಿನಗಳ ಲ್ಯಾಬ್ ವರದಿಗಳು ಹಳೆಯ ದಾಖಲೆಯಲ್ಲಿಯೇ ಉಳಿದುಬಿಡುತ್ತವೆ.